ಒದ್ದೆ ಬಟ್ಟೆಗೆ ಲಿಫ್ಟಿಲ್ಲ

ಬಟ್ಟೆ ಒಣಗಿಸುವ ಯಂತ್ರ ಕೆಟ್ಟು ಕೂತಾಗ ನೀಲಿಯ ಎರಡನೇ ಮಗು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಈಗ ಆ ಮಗು ಚೀಲ ಬೆನ್ನಿಗೆ ಹಾಕಿಕೊಂಡು ಶಾಲೆಗೆ ಹೋಗುತ್ತದೆ. ಯಂತ್ರ ಮಾತ್ರ ಎದ್ದಿಲ್ಲ. ರಿಪೇರಿಯವನು ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಅಂತ ಮೇಸ್ತ್ರಿ ಹೇಳುತ್ತಲೇ ಇದ್ದ. ಅವನು ಬಾರದಿದ್ದರೆ ಆಸ್ಪತ್ರೆಗೇನೂ ನಷ್ಟವಿರಲಿಲ್ಲ. ಹೆಂಗಸರ ತಲೆಗಳಿದ್ದವಲ್ಲ.

ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿ. ಒಣಹಾಕುವ ಹಗ್ಗ ತಾರಸಿಯಲ್ಲಿ, ನಾಲ್ಕು ಮಹಡಿ ದಾಟಿದ ಮೇಲೆ. ನಡುವೆ ಮೆಟ್ಟಿಲು. ಹಾಸಿಗೆಯ ಬಟ್ಟೆ, ಹೊದಿಕೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲವನ್ನೂ ಹಿಂಡಿ, ಗಂಟು ಕಟ್ಟಿ, ತಲೆಗೆ ಸಿಂಬಿ ಇಟ್ಟು ಮೇಲೆ ಒಯ್ಯಬೇಕು. ಎಷ್ಟು ಹಿಂಡಿದರೂ ಗಂಟು ನೀರು ಬಿಡುತ್ತದೆ. ಆ ನೀರು ಕಿವಿಯ ಹಿಂದಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ ಇಳಿಯುತ್ತದೆ. ಕಡುಬೇಸಿಗೆಯಲ್ಲೂ ಈ ಹೆಂಗಸರ ಬೆನ್ನು ಒಣಗಿದ್ದನ್ನು ಯಾರೂ ನೋಡಿಲ್ಲ.

ಮೆಟ್ಟಿಲು ಇರುವುದು ಲಿಫ್ಟನ್ನು ಸುತ್ತಿಕೊಂಡು. ಹಳೇ ಕಾಲದ ಲಿಫ್ಟು, ನಾಲ್ಕೂ ಕಡೆ ಜಾಲರಿ, ಎಳೆದು ಮುಚ್ಚುವ ಬಾಗಿಲೂ ಜಾಲರಿಯದೇ. ಹೆಂಗಸರು ಭಾರ ಹೊತ್ತು ಒಂದೊಂದೇ ಮೆಟ್ಟಿಲು ಏರುತ್ತಿದ್ದರೆ, ಪಕ್ಕದಲ್ಲೇ ಅದು ಗುರ್‍ರ್ ಅಂತ ಮೇಲೆ ಹೋಗುತ್ತದೆ, ಗುರ್‍ರ್ ಅಂತ ಕೆಳಗೆ ಬರುತ್ತದೆ. ಅದರ ಬಾಗಿಲ ಪಕ್ಕ ಬೋರ್ಡು: ರೋಗಿಗಳಿಗೆ ಮತ್ತು ವೈದ್ಯರಿಗೆ ಮಾತ್ರ. ಕೆಳಗೆ ಬೇರೆ ಬಣ್ಣದಲ್ಲಿ, ಆಮೇಲೆ ಬರೆಸಿದ್ದು: ಒದ್ದೆ ಬಟ್ಟೆಗೆ ಲಿಫ್ಟಿಲ್ಲ. ಒಳಗೆ ನೀರು ಸೋರಿ ಯಾರಾದರೂ ದೊಡ್ಡವರು ಜಾರಿ ಬಿದ್ದರೆ ಏನು ಗತಿ ಅಂತ. ಮೆಟ್ಟಿಲ ಮೇಲೆ ನೀರು ಸೋರಿ ಹೊತ್ತವಳೇ ಜಾರಿ ಬಿದ್ದರೆ? ಅದಕ್ಕೆ ಯಾರೂ ಬೋರ್ಡು ಬರೆಸಿರಲಿಲ್ಲ.

ಆ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವವನು ನೀಲಿಯ ಗಂಡ. ಎಲ್ಲರೂ ಅವನನ್ನು ಲಿಫ್ಟಣ್ಣ ಅನ್ನುತ್ತಿದ್ದರು. ಇವಳನ್ನು ನೀಲಿ ಅನ್ನುತ್ತಿದ್ದರು, ಯಾಕೆಂದರೆ ಬಿಳಿ ಬಟ್ಟೆಗೆ ಕೊನೆಯ ನೀರಿನಲ್ಲಿ ನೀಲಿ ಹಾಕುವವಳು ಇವಳೇ. ಉಗುರು, ಉಗುರಿನ ಸಂದು, ಅಂಗೈಯ ಗೆರೆ ಎಲ್ಲ ನೀಲಿ. "ನಿನ್ನ ಹಣೆಬರಹ ಓದೋದು ಸುಲಭ ಕಣೇ, ಶಾಯಿಯಲ್ಲಿ ಬರೆದಿದೆ," ಅಂತ ಗಂಡ ತಮಾಷೆ ಮಾಡುತ್ತಿದ್ದ. ತಮಾಷೆಗಾರ. ಹೊಡೆಯುವವನಲ್ಲ, ಕುಡಿಯುವವನಲ್ಲ. ಮಕ್ಕಳನ್ನು ಮೂರನ್ನೂ ಮಡಿಲಲ್ಲಿ ಕೂರಿಸಿಕೊಂಡು ಲಿಫ್ಟಿನ ಸದ್ದು ಮಾಡಿ ನಗಿಸುತ್ತಿದ್ದ. ಮೆಟ್ಟಿಲ ಮೇಲೆ ಹೆಂಡತಿ ಗಂಟು ಹೊತ್ತು ಸಿಕ್ಕರೆ ಮಾತ್ರ ಒಂದು ಸಲವೂ ಅವಳ ಕಡೆ ತಿರುಗಿದ್ದಿಲ್ಲ. ಒಳಗೆ ದೀಪ ಇರುತ್ತೆ, ಹೊರಗೆ ಕತ್ತಲು, ಅವರಿಗೆ ಕಾಣಿಸಲಿಕ್ಕಿಲ್ಲ ಅಂತ ನೀಲಿ ತನಗೆ ತಾನೇ ಹೇಳಿಕೊಂಡಿದ್ದಳು. ಗಂಡನಿಗೆ ಒಂದು ಕಾರಣ ಹುಡುಕಿಕೊಡುವುದು ಹೆಂಡತಿಗೆ ಕಷ್ಟದ ಕೆಲಸವೇನಲ್ಲ.

ಒಗೆಯುವ ತೊಟ್ಟಿಯ ಸುತ್ತ ಮಾತಿಗೆ ಬರವಿರಲಿಲ್ಲ. ಕೈ ಬಟ್ಟೆಯಲ್ಲಿ, ಬಾಯಿ ಊರಲ್ಲಿ. ಹೆರಿಗೆ ವಾರ್ಡಿನ ಬಟ್ಟೆ ಬಂದ ದಿನ ಮಾತು ತಾನಾಗೇ ಆ ಕಡೆ ತಿರುಗುತ್ತಿತ್ತು. ಎಲ್ಲರಿಗಿಂತ ಹಿರಿಯಳು ಸೋಪಜ್ಜಿ. ಸೋಪಿನ ನೀರಿನಲ್ಲಿ ನೆನೆದು ನೆನೆದು ಅವಳ ಬೆರಳ ತುದಿಯಲ್ಲಿ ಗೆರೆಯೇ ಉಳಿದಿರಲಿಲ್ಲ.

"ನಮ್ಮ ಕಾಲದಲ್ಲಿ ಒಂದೇ ಮಾತ್ರೆ ಇತ್ತು ಕಣ್ರೇ," ಅನ್ನುತ್ತಿದ್ದಳು ಅವಳು. "ಗಂಡ ಕುಡಿದು ಬಿದ್ದಿದ್ದರೆ ಅವತ್ತು ಬಚಾವು."

"ನನ್ನವನಿಗೆ ರಾತ್ರಿ ಪಾಳಿ, ನನಗೆ ಹಗಲು ಪಾಳಿ," ಅಂತ ಉದ್ದಕ್ಕ ಸೇರಿಸುತ್ತಿದ್ದಳು. ಎಲ್ಲರಿಗಿಂತ ಒಂದು ಮೊಳ ಉದ್ದ ಅವಳು, ಮೆಟ್ಟಿಲ ತಿರುವಿನಲ್ಲಿ ಗಂಟು ಗೋಡೆಗೆ ತಾಗದ ಹಾಗೆ ಬಗ್ಗಿಯೇ ಹತ್ತಬೇಕು. "ಅದೇ ನಮ್ಮ ಕುಟುಂಬ ಯೋಜನೆ. ಮೇಸ್ತ್ರಿ ಪಾಳಿ ಬದಲಾಯಿಸಿದ ವಾರವೇ ನಾಲ್ಕನೆಯದು ನಿಂತಿತು ನೋಡು. ಆ ಮಗೂಗೆ ಮೇಸ್ತ್ರಿ ಹೆಸರೇ ಇಡಬೇಕಿತ್ತು."

ನಗು ತೊಟ್ಟಿ ತುಂಬುತ್ತಿತ್ತು. ನೀಲಿಯೂ ನಗುತ್ತಿದ್ದಳು. ಅವಳ ನಗು ಈಚೆಗೆ ಅರ್ಧಕ್ಕೇ ನಿಲ್ಲುತ್ತಿತ್ತು, ಅಷ್ಟೆ.

ಮೂರನೆಯದನ್ನು ಅವಳ ಹೊಟ್ಟೆ ಕೊಯ್ದು ತೆಗೆದಿದ್ದರು. ಎರಡನೆಯದನ್ನೂ ಹಾಗೇ. ಕೊನೆಯ ಸಲ ಡಾಕ್ಟರಮ್ಮ ಹಾಸಿಗೆಯ ಪಕ್ಕ ನಿಂತು ಹೇಳಿದ್ದಳು: "ನೋಡಮ್ಮ, ನಿನ್ನ ಗರ್ಭಕೋಶ ಹಳೇ ಬಟ್ಟೆ ಥರ ತೆಳ್ಳಗಾಗಿದೆ. ಇನ್ನೊಂದು ನಿಂತರೆ ಹರಿದುಹೋಗುತ್ತೆ. ನೀನು ಉಳಿಯಲ್ಲ." ಹಳೇ ಬಟ್ಟೆ ಅಂದರೆ ಏನೆಂದು ನೀಲಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಷ್ಟೋ ಬಟ್ಟೆ ಅವಳ ಕೈಯಲ್ಲೇ ಹಿಂಡುವಾಗ ಚರ್ ಅಂತ ಹರಿದಿದ್ದವು. ಹರಿಯುವ ಮೊದಲು ಅವು ಹೇಳಿ ಹರಿಯುವುದಿಲ್ಲ.

ಹಾಗಾಗಿ ಮಾತ್ರೆ ತೆಗೆದುಕೊಂಡಳು. ಮಾತ್ರೆ ಒಳ್ಳೆಯದೇ, ಮನೆಯಲ್ಲಿ ಕೂತು ನುಂಗುವವರಿಗೆ. ಇವಳಿಗೆ ತಲೆ ತಿರುಗುತ್ತಿತ್ತು. ಒಂದು ಬೆಳಿಗ್ಗೆ ಮೂರನೇ ಮಹಡಿಯ ತಿರುವಿನಲ್ಲಿ ಕಣ್ಣು ಕತ್ತಲಿಟ್ಟಿತು. ಗಂಟು ಉರುಳಿ ಎರಡು ಮಹಡಿ ಕೆಳಗೆ ಹೋಗಿ ನಿಂತಿತು. ಬಿಚ್ಚಿಕೊಂಡ ಬಿಳಿ ಬಟ್ಟೆಯ ಮೇಲೆ ಜನ ಚಪ್ಪಲಿ ಕಾಲಿಟ್ಟು ದಾಟಿಕೊಂಡು ಹೋದರು. ಮೇಸ್ತ್ರಿ ಎಲ್ಲರೆದುರು ಕೇಳಿದ: "ಏನೇ, ಬೆಳಬೆಳಿಗ್ಗೆನೇ ಏರಿಸ್ಕೊಂಡು ಬಂದಿದ್ದೀಯಾ?" ಅಷ್ಟನ್ನೂ ಮತ್ತೆ ಒಗೆಸಿದ. ನೀಲಿ ಮಾತ್ರೆ ಬಿಟ್ಟಳು.

ಸೂಜಿ ಹಾಕಿಸಿಕೊಂಡಳು. ರಕ್ತ ಹೋಗಲು ಶುರುವಾದದ್ದು ನಿಲ್ಲಲೇ ಇಲ್ಲ. ನೆಲಮಾಳಿಗೆಯಲ್ಲಿ ಹೆಂಗಸರಿಗೆ ಪಾಯಖಾನೆ ಇರಲಿಲ್ಲ. ಹಿಂದಿನ ಅಂಗಳದ್ದಕ್ಕೆ ಬೀಗ, ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ಗಂಡಸಿನ ಮುಂದೆ ಕೈ ಚಾಚಿ ಬೀಗದ ಕೈ ಕೇಳಬೇಕು. ಅವನು ಗಡಿಯಾರ ನೋಡಿ, ಅವಳ ಮುಖ ನೋಡಿ, ಮತ್ತೆ ಗಡಿಯಾರ ನೋಡಿ ಕೊಡುತ್ತಿದ್ದ. ದಿನವಿಡೀ ಬೇರೆಯವರ ಹಾಸಿಗೆಯ ರಕ್ತ ತೊಳೆಯುವವಳು ತನ್ನ ರಕ್ತದಲ್ಲಿ ನಿಂತುಕೊಂಡು ತೊಳೆದಳು. ಮೈಯಲ್ಲಿ ನೆತ್ತರಿಲ್ಲದೆ ಮುಖ ಬಿಳಿಚಿ, ಇವಳಿಗೂ ನೀಲಿ ಹಾಕಬೇಕು ಅನ್ನುವ ಹಾಗಾದಾಗ ಸೂಜಿಯನ್ನೂ ಬಿಟ್ಟಳು.

ಕಾಪರ್-ಟಿ ಹಾಕಿಸಿಕೊಂಡಳು. ಅದು ಅವಳಿಗೆ ಹಿಡಿಸಿತು. ತಲೆ ತಿರುಗಲಿಲ್ಲ, ನೆತ್ತರು ಹೋಗಲಿಲ್ಲ, ಯಾರನ್ನೂ ಏನೂ ಕೇಳಬೇಕಿರಲಿಲ್ಲ. ಗಂಡನಿಗೆ ಹಿಡಿಸಲಿಲ್ಲ. "ಏನೋ ದಾರ ಚುಚ್ಚುತ್ತೆ ಕಣೇ. ಲಿಫ್ಟಿನ ಕೇಬಲ್ ಥರ. ತೆಗೆಸಿಬಿಡು." ಡಾಕ್ಟರಮ್ಮ ದಾರವನ್ನು ಗಿಡ್ಡ ಮಾಡಿಕೊಟ್ಟಳು. ಆದರೂ ಚುಚ್ಚುತ್ತದೆ ಅಂದ. ಅದು ಚುಚ್ಚುತ್ತಿದ್ದದ್ದು ಎಲ್ಲಿಗೆ ಅಂತ ನೀಲಿಗೆ ಕೊನೆಗೂ ಗೊತ್ತಾಗಲಿಲ್ಲ. ತೆಗೆಸುವ ತನಕ ಮುಖ ಊದಿಸಿಕೊಂಡು, ಮಕ್ಕಳ ಹತ್ತಿರವೂ ಮಾತು ಬಿಟ್ಟ. ತೆಗೆಸಿದಳು.

"ಹಾಗಾದ್ರೆ ನೀವೇ ಏನಾದ್ರೂ ಹಾಕ್ಕೊಳ್ಳಿ," ಅಂದಳು. ಆಸ್ಪತ್ರೆಯಲ್ಲಿ ನಿರೋಧದ ಪೊಟ್ಟಣ ಬೇಕಾದಷ್ಟು ಕೊಡುತ್ತಿದ್ದರು.

"ಹಗಲೆಲ್ಲಾ ಆ ಪೆಟ್ಟಿಗೇಲಿ ಕೂತು ಉಸಿರು ಕಟ್ಟುತ್ತೆ," ಅಂದ ಲಿಫ್ಟಣ್ಣ. "ಇಲ್ಲೂ ಉಸಿರು ಕಟ್ಟಿಸ್ತೀಯಾ?"

ಅವನೇನೋ ನಗಿಸಲಿಕ್ಕೆಂದೇ ಹೇಳಿದ. ನೀಲಿಗೆ ನಗು ಬರಲಿಲ್ಲ. ಆ ತಿಂಗಳು ಮುಟ್ಟು ತಡವಾಯಿತು. ತಡವಾದ ಅಷ್ಟೂ ದಿನ ಅವಳು ಮೆಟ್ಟಿಲು ಹತ್ತುವಾಗ ಒಂದು ಕೈ ಗಂಟಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡೇ ಹತ್ತಿದಳು. ಬಂದ ದಿನ ತೊಟ್ಟಿಯ ಹಿಂದೆ ಕೂತು ಅತ್ತಳು. ಅಲ್ಲಿಂದ ಎದ್ದು ನೇರ ಡಾಕ್ಟರಮ್ಮನ ಕೋಣೆಗೆ ಹೋದಳು.

ಡಾಕ್ಟರಮ್ಮ ಕೆಟ್ಟವಳಲ್ಲ. ದಣಿದವಳು. ತಲೆ ಎತ್ತದೆ ಕೇಳಿದಳು: "ಆಪರೇಷನ್ನೇ ಮಾಡಿಸ್ಕೊಂಡು ಬಿಡಮ್ಮ. ಎಷ್ಟು ಸಲ ಹೇಳೋದು?"

"ಮಾಡಿಸ್ಕೊಂಡರೆ ಭಾರ ಎಷ್ಟು ದಿನ ಎತ್ತಬಾರದು?"

"ಕೆಲವು ವಾರ ಎತ್ತಬೇಡ. ನಿನಗೆ ಮೊದಲೇ ಎರಡು ಸಲ ಕೊಯ್ದಿದೆ."

ಕೆಲವು ವಾರ ಗಂಟು ಹೊರದ ತಲೆಗೆ ಆ ಕೆಲಸದಲ್ಲಿ ಜಾಗವಿಲ್ಲ.

"ಗಂಡ ಏನು ಮಾಡ್ತಾನೆ?"

"ಇಲ್ಲೇ ಲಿಫ್ಟಿನಲ್ಲಿ ಕೂರ್ತಾರೆ."

ಈಗ ಡಾಕ್ಟರಮ್ಮ ತಲೆ ಎತ್ತಿದಳು. "ಲಿಫ್ಟಣ್ಣನ ಹೆಂಡತೀನಾ ನೀನು? ಅಯ್ಯೋ, ಹಾಗಾದ್ರೆ ಅವನಿಗೇ ಮಾಡಿಸು. ಗಂಡಸರಿಗೆ ಹೊಟ್ಟೆ ಕೊಯ್ಯೋದೇ ಬೇಡ. ಚಿಕ್ಕ ಗಾಯ. ಎರಡು ದಿನ ಸುಮ್ಮನೆ ಕೂತಿದ್ದರೆ ಆಯ್ತು. ಕೂರೋದು ತಾನೇ ಅವನ ಕೆಲಸ? ಆಮೇಲೆ ಮೂರು ತಿಂಗಳು ಹುಷಾರಾಗಿದ್ದು ಒಂದು ಪರೀಕ್ಷೆ ಮಾಡಿಸಿದರೆ ಮುಗೀತು. ಗುರುವಾರ ಗುರುವಾರ ಇಬ್ಬರಿಗೂ ಮಾಡ್ತೀವಿ, ಅದೇ ಕೋಣೆ, ಅದೇ ಟೇಬಲ್ಲು."

"ನೀವೇ ಒಂದು ಮಾತು ಅವರಿಗೆ ಹೇಳಿ ಡಾಕ್ಟರಮ್ಮಾ."

"ನಾನಾ?" ಡಾಕ್ಟರಮ್ಮ ನಕ್ಕಳು. "ನಾನು ಹೇಳಿದರೆ ನಾಳೆಯಿಂದ ಲಿಫ್ಟು ನನ್ನ ಮಹಡೀಲಿ ನಿಲ್ಲಲ್ಲ. ನಿನ್ನ ಗಂಡ, ನೀನೇ ಹೇಳು."

ಅವತ್ತು ಸಂಜೆ ಲಿಫ್ಟಣ್ಣ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಕೂತು ಕೂತು ಅವನ ಕಾಲು ಜೋಮು ಹಿಡಿಯುತ್ತಿತ್ತು. ನೀಲಿ ದಿನವೂ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಮೆಟ್ಟಿಲು ಹತ್ತಿದ ಅವಳ ಕಾಲಿಗೆ ಎಣ್ಣೆ ಹಚ್ಚುವವರು ಯಾರೆಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಅತ್ತೆ ಮೂಲೆಯಲ್ಲಿ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಳು.

ನೀಲಿ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದಳು. ಅವಳ ಕೈಯಲ್ಲಿದ್ದ ಕಾಲು ಜಗ್ಗಿಕೊಂಡಿತು.

"ಏನಂದೆ? ನನಗಾ?"

"ಚಿಕ್ಕ ಗಾಯ ಅಂತೆ. ಎರಡು ದಿನ ಕೂತಿದ್ದರೆ ಸಾಕಂತೆ."

"ನಿನಗೇನು ತಲೆ ಕೆಟ್ಟಿದೆಯಾ? ಭಾರ ಎತ್ತೋ ಮನುಷ್ಯ ನಾನು. ಅದನ್ನ ಮಾಡಿಸ್ಕೊಂಡರೆ ಸೊಂಟದ ಶಕ್ತಿ ಹೋಗುತ್ತೆ. ಆಮೇಲೆ ಯಾರು ಎತ್ತೋದು?"

"ನೀವೇನು ಎತ್ತುತ್ತೀರಿ?"

"ಏನು ಎತ್ತುತ್ತೀರಿ ಅಂತೀಯಾ? ಬೆಳಗಿನಿಂದ ಸಂಜೆ ತನಕ ಅಷ್ಟು ಜನ ಮೇಲೆ ಹೇಗೆ ಹೋಗ್ತಾರೆ? ಸ್ಟ್ರೆಚರ್ ಸಮೇತ, ಸಿಲಿಂಡರ್ ಸಮೇತ? ನಿಮ್ಮಪ್ಪ ಬಂದು ಎತ್ತುತ್ತಾನಾ?"

ತಮಾಷೆ ಇರಬೇಕು ಅಂತ ನೀಲಿ ಅವನ ಮುಖ ನೋಡಿದಳು. ತಮಾಷೆ ಇರಲಿಲ್ಲ. ಅವನು ಬೆವರಿದ್ದ. ಇಷ್ಟು ವರ್ಷ ಇವನು ಆ ಸ್ಟೂಲಿನ ಮೇಲೆ ಕೂತು, ಆ ಜನರನ್ನೆಲ್ಲ ತಾನೇ ಎತ್ತುತ್ತಿದ್ದೇನೆ ಅಂದುಕೊಂಡಿದ್ದಾನೆ ಅನ್ನುವುದು ಅವಳಿಗೆ ಆವತ್ತು ಗೊತ್ತಾಯಿತು.

"ಎತ್ತೋದು ಮಿಷನ್ನು ರೀ," ಅಂದಳು ಮೆಲ್ಲಗೆ.

"ಮಿಷನ್ನಿನ ಗುಂಡಿ ಯಾರ ಕೈಲಿದೆ?"

ಬಾಚಣಿಗೆ ನಿಂತಿತು. ಈ ಅತ್ತೆ ಇವತ್ತಿನ ತನಕ ಆಪರೇಷನ್ ಅಂದರೆ ಉರಿದು ಬೀಳುತ್ತಿದ್ದವಳು. ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ, ಇನ್ನೊಂದು ಗಂಡು ಆಗಲಿ ಅಂತ ಹಟ ಹಿಡಿದಿದ್ದವಳು. ಈಗ ಒಂದೇ ಉಸಿರಿಗೆ ದಾರಿ ಬದಲಾಯಿಸಿದಳು.

"ನನ್ನ ಮಗನ ಮೈಗೆ ಕತ್ತಿ ತಾಗಿಸ್ತೀಯೇನೇ? ಬೇಕಾದರೆ ನೀನು ಮಾಡಿಸ್ಕೋ. ನಿನಗೆ ಕೊಯ್ಸಿಕೊಂಡು ಅಭ್ಯಾಸ ಇದೆ."

"ಸರಿಯಾಗಿ ಹೇಳ್ದೆ ಅಮ್ಮ," ಅಂದ ಲಿಫ್ಟಣ್ಣ. ಅವನ ಮುಖಕ್ಕೆ ಕಳೆ ಬಂತು. "ನಾನೇನು ಬೇಡ ಅಂತೀನಾ? ಗುರುವಾರ ಮಾಡಿಸ್ಕೋ. ಮೇಸ್ತ್ರಿ ಹತ್ರ ನಾನೇ ಮಾತಾಡ್ತೀನಿ."

ಮಾತಾಡಿದ. ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ ಎರಡು ದಿನ ಕೊಟ್ಟ. "ಮೂರನೇ ದಿನ ತಲೆ ಹಾಜರಿರಬೇಕು," ಅಂದ ನೀಲಿಗೆ. "ನಿನ್ನ ಹೊಟ್ಟೆ ಮಾಯಲಿ ಅಂತ ರೋಗಿಗಳು ಬರೀ ಮಂಚದ ಮೇಲೆ ಮಲಗೋಕಾಗಲ್ಲ."

ಉದ್ದಕ್ಕ ಅದೇ ಆಪರೇಷನ್ ಮಾಡಿಸಿಕೊಂಡು ಆಗಷ್ಟೇ ಕೆಲಸಕ್ಕೆ ಬಂದಿದ್ದಳು. ಅವಳಿಗೂ ಸಿಕ್ಕಿದ್ದು ಎರಡೇ ದಿನ. ಹೆಂಗಸರು ಅವಳನ್ನು ತೊಟ್ಟಿಯ ಹಿಂದೆ ಮಣೆಯ ಮೇಲೆ ಕೂರಿಸಿ, ಸಣ್ಣಪುಟ್ಟ ಬಟ್ಟೆ ಕೈಗೆ ಕೊಟ್ಟು, ಅವಳ ಗಂಟನ್ನು ತಾವು ಹಂಚಿಕೊಂಡು ಹೊತ್ತರು. ಬದಲಿ ತಲೆ ಅನ್ನುತ್ತಿದ್ದರು ಅದಕ್ಕೆ. ಬಾಣಂತಿಗೆ, ಜ್ವರದವಳಿಗೆ, ಗಂಡನ ಕೈಯಲ್ಲಿ ಹೊಡೆಸಿಕೊಂಡು ಬಂದವಳಿಗೆ, ಯಾರಿಗೇ ಆಗಲಿ ಬದಲಿ ತಲೆ ಕೊಡುವುದು ಆ ನೆಲಮಾಳಿಗೆಯ ರೂಢಿ. ಇವತ್ತು ನಿನಗೆ, ನಾಳೆ ನನಗೆ.

ಮೇಸ್ತ್ರಿಗೆ ಯಾರೋ ಊದಿದರು. ಸೋಮವಾರ ಅವನು ತಾರಸಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. "ಅವರವರ ಗಂಟು ಅವರವರೇ ತರಬೇಕು. ಬದಲಿ ಗಿದಲಿ ಇಲ್ಲ. ಆಗದವರು ಮನೆಗೆ ಹೋಗಬಹುದು."

ಉದ್ದಕ್ಕ ಗಂಟು ಹೊತ್ತಳು. ಅವಳ ಹಿಂದೆ ನೀಲಿ. ಮೊದಲ ಮಹಡಿ ಆಯಿತು. ಎರಡನೆಯದಾಯಿತು. ಉದ್ದಕ್ಕ ಎಂದೂ ಇಲ್ಲದೆ ಗೋಡೆ ಹಿಡಿದು ಹತ್ತುತ್ತಿದ್ದಳು. ಮೂರನೆಯದರ ತಿರುವಿನಲ್ಲಿ ಬಗ್ಗಿದಳು. ಮೆಟ್ಟಿಲ ಮೇಲೆ ಸೋರಿದ ನೀರು ತಿಳಿಗೆಂಪಾಗಿದ್ದು ನೀಲಿಗೆ ಕಂಡಿತು.

"ಉದ್ದಕ್ಕಾ, ನಿಲ್ಲು," ಅಂದಳು. "ನಿನ್ನ ಗಂಟಿನಲ್ಲಿ ಯಾವುದೋ ಬಟ್ಟೆ ಬಣ್ಣ ಬಿಡ್ತಿದೆ. ಬಿಳೀದಕ್ಕೆಲ್ಲ ಹತ್ತುತ್ತೆ."

"ಇಲ್ವಲ್ಲಮ್ಮ," ಅಂದಳು ಉದ್ದಕ್ಕ. "ಎಲ್ಲ ಬಿಳೀದೇ."

ಅಂದವಳು ಹಾಗೇ ಗೋಡೆಗೆ ಒರಗಿ ಕುಸಿದಳು. ಗಂಟು ಜಾರಿ ಅವಳ ಮಡಿಲಿಗೇ ಬಿತ್ತು. ಹೊಟ್ಟೆಯ ಹತ್ತಿರ ಬಟ್ಟೆಯ ಕೆಂಪು ಅಗಲವಾಗುತ್ತಾ ಹೋಯಿತು. ಬಣ್ಣ ಅಂದುಕೊಂಡೆನಲ್ಲ ಅಂತ ನೀಲಿ ತನ್ನ ಬಾಯಿಗೆ ತಾನೇ ಬಡಿದುಕೊಂಡಳು. ಆಗಲೇ ಲಿಫ್ಟು ಮೇಲಿನಿಂದ ಬಂತು. ಖಾಲಿ ಲಿಫ್ಟು. ಒಳಗೆ ಲಿಫ್ಟಣ್ಣ ಒಬ್ಬನೇ.

"ರೀ! ನಿಲ್ಲಿಸಿ! ನಿಲ್ಲಿಸ್ರೀ!"

ನೀಲಿ ಜಾಲರಿಗೆ ಬಡಿದಳು. ಲಿಫ್ಟು ಹಾಗೇ ಇಳಿದುಹೋಯಿತು. ಗುರ್‍ರ್ ಅನ್ನುವ ಸದ್ದು ಕೆಳಗೆ ಹೋಗಿ ನಿಂತಿತು. ಮೂರು ಜನ ಹೆಂಗಸರು ಉದ್ದಕ್ಕನ ಕೈಕಾಲು ಹಿಡಿದು ಮೆಟ್ಟಿಲಲ್ಲೇ ಇಳಿಸಿದರು. ಬಿಚ್ಚಿಕೊಂಡಿದ್ದ ಹೊಲಿಗೆಯನ್ನು ಡಾಕ್ಟರಮ್ಮ ಮತ್ತೆ ಹಾಕಿದಳು. ಅವಳ ಜೀವ ಉಳಿಯಿತು. ಕೆಲಸ ಉಳಿಯಲಿಲ್ಲ.

"ಮೇಸ್ತ್ರಿ ಮೇಲೇ ಕೂತಿದ್ದ ಕಣೇ," ಅಂದ ಗಂಡ ಸಂಜೆ, ಕಾಲು ಚಾಚಿಕೊಂಡು. "ನಿಲ್ಲಿಸಿದ್ದರೆ ನನ್ನ ಕೆಲಸ ಹೋಗ್ತಿತ್ತು. ಅದೂ ಅಲ್ಲದೆ ಒದ್ದೆ ಗಂಟು ಇತ್ತು. ಬೋರ್ಡಿಲ್ವಾ?"

ನೀಲಿ ಎಣ್ಣೆಯ ಬಟ್ಟಲು ಕೆಳಗಿಟ್ಟಳು. ಆವತ್ತು ಅವನ ಕಾಲು ಮುಟ್ಟಲಿಲ್ಲ. ಆದರೆ ಗುರುವಾರ ಬೇಡ ಅಂತಲೂ ಹೇಳಲಿಲ್ಲ. ಏನಂತ ಹೇಳುವುದು? ಟೇಬಲ್ಲಿನ ಮೇಲೆ ಮಲಗಿದರೆ ಮೂರನೇ ದಿನ ಮೆಟ್ಟಿಲು. ಮಲಗದಿದ್ದರೆ ಇವನ ಪಕ್ಕ ಮಲಗಬೇಕು. ಒಂದು ಕಡೆ ಹೊಲಿಗೆ ಹರಿಯುತ್ತದೆ, ಇನ್ನೊಂದು ಕಡೆ ಗರ್ಭಕೋಶ. ಹರಿಯದ ದಾರಿ ಅವಳಿಗೆ ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಹಸಿರು ನಿಲುವಂಗಿ ತೊಡಿಸಿದರು. ಅವಳೇ ಒಗೆದದ್ದು. ಗಾಲಿಕುರ್ಚಿಯಲ್ಲಿ ಕೂರಿಸಿ ಆಯಾ ಲಿಫ್ಟಿನ ತನಕ ತಳ್ಳಿಕೊಂಡು ಬಂದಳು. "ನಿನ್ನ ಗಂಡನೇ ಇದಾನಲ್ಲ, ಎರಡನೇ ಮಹಡೀಲಿ ಅವನೇ ಇಳಿಸ್ತಾನೆ," ಅಂತ ಒಳಗೆ ನೂಕಿ ಹೊರಟುಹೋದಳು.

ಅದುವರೆಗೆ ನೀಲಿ ಆ ಲಿಫ್ಟಿನೊಳಗೆ ಕಾಲಿಟ್ಟವಳಲ್ಲ. ತಂಪಾಗಿತ್ತು. ಸಣ್ಣ ಫ್ಯಾನು ತಿರುಗುತ್ತಿತ್ತು. ಸ್ಟೂಲಿನ ಮೇಲೆ ಮೆತ್ತನೆಯ ದಿಂಬು. ಗಂಡನ ತಲೆಯೆಣ್ಣೆಯ ವಾಸನೆ. ರೋಗಿಯನ್ನು ನೋಡಲು ಬಂದ ಇಬ್ಬರು ಗಂಡಸರು ಮೂಲೆಯಲ್ಲಿ ನಿಂತಿದ್ದರು.

"ಬಾ ಬಾ," ಅಂದ ಲಿಫ್ಟಣ್ಣ. ಹೊಸ ಅಂಗಿ ಹಾಕಿದ್ದ. ಆ ಗಂಡಸರಿಗೆ ಹೇಳಿದ: "ನಮ್ಮ ಮನೆಯವಳು. ಆಪರೇಷನ್ನಿಗೆ." ಜಾಲರಿ ಎಳೆದು ಗುಂಡಿ ಒತ್ತಿದ. ನೆಲ ಮೇಲೆದ್ದಿತು. ಅವಳ ಕಿವಿಯ ಹತ್ತಿರ ಬಗ್ಗಿ, ಅವರಿಗೂ ಕೇಳುವ ಹಾಗೆ ಅಂದ: "ನೋಡಿದೆಯಾ? ಇವತ್ತು ನಿನ್ನನ್ನೂ ನಾನೇ ಎತ್ತಿದೆ."

ಗಂಡಸರು ನಕ್ಕರು. ಮೊದಲನೇ ಮಹಡಿಯಲ್ಲಿ ನಗುತ್ತಲೇ ಇಳಿದರು. ಲಿಫ್ಟು ಮತ್ತೆ ಹೊರಟಿತು.

ಆಗ ನೀಲಿ ಹೊರಗೆ ನೋಡಿದಳು. ಮೆಟ್ಟಿಲ ಮೇಲೆ ಸೋಪಜ್ಜಿ ಹತ್ತುತ್ತಿದ್ದಳು. ಅವಳ ಹಿಂದೆ ಉಳಿದವರು. ಅವರ ಕುತ್ತಿಗೆಯ ನರ ಕಂಡಿತು. ಸಿಂಬಿಯ ಕೆಳಗಿನ ಬಿಳಿ ಕೂದಲು ಕಂಡಿತು. ಸೋಪಜ್ಜಿಯ ಗಲ್ಲದ ತುದಿಯಲ್ಲಿ ನಿಂತ ನೀರ ಹನಿ, ಬೀಳಲೋ ಬೇಡವೋ ಅನ್ನುತ್ತಿದ್ದ ಹನಿ, ಅದೂ ಕಂಡಿತು. ಕೈ ಚಾಚಿದರೆ ಒರೆಸಬಹುದು, ಅಷ್ಟು ಹತ್ತಿರ. ದೀಪವೂ ಅಡ್ಡ ಬರಲಿಲ್ಲ, ಕತ್ತಲೂ ಅಡ್ಡ ಬರಲಿಲ್ಲ. ಪಕ್ಕದ ಅವನ ಸ್ಟೂಲಿನಿಂದಲೂ ಎಲ್ಲ ಕಾಣುತ್ತಿತ್ತು. ಪ್ರತಿದಿನ ಕಾಣುತ್ತಿತ್ತು. ಸೋಮವಾರವೂ ಕಂಡಿತ್ತು.

ಎರಡನೇ ಮಹಡಿ. ಲಿಫ್ಟಣ್ಣ ಜಾಲರಿ ಸರಿಸಿದ. ಗಾಲಿಕುರ್ಚಿಯನ್ನು ಬೆನ್ನ ಕಡೆಯಿಂದ ಹಿಡಿದು, ಹೊಸ್ತಿಲು ನೋಡಿಕೊಂಡು, ತಾನು ಹಿಂದಕ್ಕೆ ಹೆಜ್ಜೆ ಇಡುತ್ತಾ ಹೊರಗೆಳೆದ. ಕುರ್ಚಿ ಹಗುರವಾಗಿ ಬಂತು. ಅವನು ತಲೆ ಎತ್ತಿ ನೋಡುವ ಹೊತ್ತಿಗೆ ಕುರ್ಚಿ ಖಾಲಿ. ನೀಲಿ ಒಳಗೆ ನಿಂತಿದ್ದಳು. ಜಾಲರಿಯನ್ನು ಎರಡು ಕೈಯಿಂದ ಎಳೆದು ಚಿಲಕ ಹಾಕಿದಳು. ಒದ್ದೆ ಗಂಟು ಹಿಂಡಿದ ಕೈ. ಸದ್ದು ಇಡೀ ಮಹಡಿಗೆ ಕೇಳಿತು. ಆಮೇಲೆ ಹೋಗಿ ಸ್ಟೂಲಿನ ಮೇಲೆ ಕೂತಳು.

"ಏಯ್, ಏನಾಟ ಇದು? ಬಾಗಿಲು ತೆಗಿ."

"ತೆಗೆಯಲ್ಲ."

"ಡಾಕ್ಟರು ಕಾಯ್ತಿದ್ದಾರೆ ಕಣೇ!"

"ಹೋಗು ಮತ್ತೆ. ಅದೇ ಕೋಣೆ, ಅದೇ ಟೇಬಲ್ಲು."

ಹೆಂಡತಿಯ ಬಾಯಲ್ಲಿ 'ಹೋಗು' ಅನ್ನುವುದನ್ನು ಲಿಫ್ಟಣ್ಣ ಕೇಳಿದ್ದೇ ಮೊದಲು. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಜನ ನೋಡ್ತಾರೆ. ನನ್ನ ಮರ್ಯಾದೆ ತೆಗೀಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಎದ್ದು ಬಾ."

"ಕಾಲಿಗೆ ಬೀಳೋದು ಬೇಡ. ಒಳಗೆ ಹೋಗಿ ಮಲಗು."

ಕೆಳಗೆ ಯಾರೋ ಗಂಟೆ ಒತ್ತಿದರು. ಮೇಲೆ ಯಾರೋ ಒತ್ತಿದರು. ಲಿಫ್ಟಿನೊಳಗೆ ಗಂಟೆಯ ಮೇಲೆ ಗಂಟೆ ಬಡಿಯಿತು. ನೀಲಿ ಅಲುಗಲಿಲ್ಲ. ಸೋಪಜ್ಜಿಯ ಸಾಲು ಆ ಮಹಡಿಗೆ ಬಂದು ಮುಟ್ಟಿತು. ಅಜ್ಜಿ ಕುರ್ಚಿ ನೋಡಿದಳು, ಜಾಲರಿಯೊಳಗಿನ ನೀಲಿಯನ್ನು ನೋಡಿದಳು. ಗಂಟನ್ನು ದೊಪ್ಪನೆ ನೆಲಕ್ಕಿಳಿಸಿ ಅದರ ಮೇಲೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಇಳಿಸಿದರು. ನೀರು ನೆಲದ ಮೇಲೆ ಹರಿಯತೊಡಗಿತು.

"ಏನಪ್ಪಾ ಲಿಫ್ಟಣ್ಣ," ಅಂದಳು ಅಜ್ಜಿ. "ಕಾಲಿಗೆ ನೆಲ ಸಿಕ್ತಾ? ಹೇಗಿದೆ?"

ಕೆಳಗಿನಿಂದ ಮೇಸ್ತ್ರಿಯ ಕೂಗು ಮೊದಲು ಬಂತು, ಮೇಸ್ತ್ರಿ ಬಹಳ ಹೊತ್ತಿನ ಮೇಲೆ ಬಂದ. ಎರಡು ಮಹಡಿಗೇ ಅವನ ಎದೆ ತಿದಿಯಾಗಿತ್ತು. ಮೊಣಕಾಲಿಗೆ ಕೈ ಊರಿ ನಿಂತು, ಬೈಗುಳಕ್ಕೆ ಉಸಿರು ಸಾಲದೆ ಎರಡು ಸಲ ಬಾಯಿ ತೆರೆದು ಮುಚ್ಚಿದ.

"ಇಳಿಯೇ ಕೆಳಗೆ! ಇವತ್ತಿಗೆ ನಿನ್ನ ಕೆಲಸ ಮುಗೀತು ಅಂತ ತಿಳ್ಕೋ! ನಿಮ್ಮೆಲ್ಲರದ್ದೂ!"

"ಮುಗೀಲಿ," ಅಂದಳು ನೀಲಿ. ಮನೆಯಲ್ಲಿ ಮೂರು ಮಕ್ಕಳಿದ್ದಾರೆ ಅನ್ನುವುದು ಅವಳಿಗೂ ಗೊತ್ತಿತ್ತು. "ಮೂರನೇ ದಿನ ಹೊಲಿಗೆ ಹರ್ಕೊಂಡು ಮುಗಿಯೋದು ಹೇಗೂ ಇದ್ದೇ ಇದೆ."

ಗದ್ದಲಕ್ಕೆ ಡಾಕ್ಟರಮ್ಮ ಕೈಗವಸು ಹಾಕಿಕೊಂಡೇ ಹೊರಗೆ ಬಂದಳು. "ಹಟ ಮಾಡಬೇಡಮ್ಮ. ಆಮೇಲೆ ಬಸುರಾಗಿ ಬಂದರೆ ನಾನು ಉಳಿಸೋಕಾಗಲ್ಲ."

"ಬಸುರು ಗಾಳಿಗೆ ಆಗಲ್ಲ ಡಾಕ್ಟರಮ್ಮಾ," ಅಂದಳು ನೀಲಿ. ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳುವ ಹಾಗೆ ಅಂದಳು. "ಇವನ ಪಕ್ಕ ಮಲಗಿದರೆ ಆಗುತ್ತೆ. ಇವನು ಮಾಡಿಸ್ಕೊಂಡು ಬರೋ ತನಕ ನಾನು ಮಲಗಲ್ಲ. ಮಾತ್ರೆ ನುಂಗಿದೆ, ಸೂಜಿ ಚುಚ್ಚಿಸ್ಕೊಂಡೆ, ತಂತಿ ಹಾಕಿಸ್ಕೊಂಡೆ. ಎರಡು ಸಲ ಕೊಯ್ಸಿಕೊಂಡೆ. ಇನ್ನು ನನ್ನ ಮೈಮೇಲೆ ಯಾರ ಕೈಯೂ ಬೇಡ."

ಗಂಟೆಗಳು ಬಡಿಯುತ್ತಲೇ ಇದ್ದವು.

"ಅವಳನ್ನ ಎಳೆದು ಹೊರಗೆ ಹಾಕೋ!" ಅಂತ ಮೇಸ್ತ್ರಿ ಗುಡುಗಿದ. "ನಿನ್ನ ಹೆಂಡತಿ ತಾನೇ? ಗಂಡಸಲ್ವೇನೋ ನೀನು?"

ಲಿಫ್ಟಣ್ಣ ಜಾಲರಿಯ ಹತ್ತಿರ ಬಂದ. ಸಂದಿಯಲ್ಲಿ ಬೆರಳು ತೂರಿಸಿ ಚಿಲಕ ತಡಕಾಡಿದ. ನೀಲಿ ಸ್ಟೂಲಿನ ಮೇಲೆ ಕೂತಂತೆಯೇ ಆ ಬೆರಳುಗಳನ್ನು ನೋಡಿದಳು. ಮೆತ್ತಗಿದ್ದವು. ತನ್ನ ನೀಲಿ ಕೈ ಎತ್ತಿ ಗುಂಡಿಯ ಮೇಲಿಟ್ಟಳು.

"ಬೆರಳು ತೆಗಿ," ಅಂದಳು. "ಲಿಫ್ಟು ಹೊರಟರೆ ಕತ್ತರಿಸಿ ಹೋಗುತ್ತೆ."

ಅವನು ತೆಗೆದ.

ಆಪರೇಷನ್ ಕೋಣೆಯ ನರ್ಸು ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು. ಅವಳಿಗೆ ಈ ರಾಮಾಯಣ ಒಂದೂ ಅರ್ಥವಾಗಿರಲಿಲ್ಲ. ಒಳಗೆ ದೀಪ ಉರಿಯುತ್ತಿತ್ತು, ಕತ್ತರಿಗಳು ಕುದಿದು ತಟ್ಟೆಯಲ್ಲಿದ್ದವು.

"ಯಾರಾದ್ರೂ ಒಬ್ಬರು ಬೇಗ ಬನ್ರಪ್ಪಾ," ಅಂದಳು. "ಟೇಬಲ್ಲು ಖಾಲಿ ಇದೆ."

ಎಲ್ಲರೂ ಲಿಫ್ಟಣ್ಣನ ಕಡೆ ನೋಡಿದರು. ಅವನು ಮೆಟ್ಟಿಲ ಕಡೆ ನೋಡಿದ. ಅಲ್ಲಿ ಹೆಂಗಸರು ಒದ್ದೆ ಗಂಟುಗಳ ಮೇಲೆ ಕೂತಿದ್ದರು. ದಾರಿ ಬಿಡಲು ಯಾರೂ ಏಳಲಿಲ್ಲ.